ಎಲ್ಲರೂ ನಗುತ್ತಿದ್ದರು, ನನಗ್ಯಾಕೆ ನಗು ಬರಲಿಲ್ಲ?

ನೀವು ಕೇಳಿದ್ದು ಇಷ್ಟು: ಲಂಡನ್ನಿನ ನ್ಯಾಷನಲ್ ಥಿಯೇಟರ್ ಚಿತ್ರೀಕರಿಸಿದ, ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕವನ್ನು ದೊಡ್ಡ ಪರದೆಯ ಮೇಲೆ ನೋಡಿದಿರಿ. ಪರದೆಯೊಳಗಿನ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಿದ್ದರು, ನಿಮಗೆ ತುಟಿಯೂ ಅರಳಲಿಲ್ಲ. ನನ್ನ ಇಂಗ್ಲಿಷ್ ಸಾಲದಾ, ಇಲ್ಲಾ ನಾಟಕವೇ ಅಷ್ಟಕ್ಕಷ್ಟೇನಾ?

ಪಾಪ, ಇಂಗ್ಲಿಷ್ ಮೇಲೆ ತಪ್ಪು ಹೊರಿಸಬೇಡಿ. ಇದೇ ಚಿತ್ರೀಕರಣವನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಗುಮ್ಮನೆ ಕೂತು ಎದ್ದು ಬಂದೆ. ಇನ್ನೊಂದು ಸಲ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ನಡುವೆ ಇದ್ದದ್ದು ಮೂರೇ ವಾರ. ಅಷ್ಟರಲ್ಲಿ ನನ್ನ ಇಂಗ್ಲಿಷ್ ಏನೂ ಉದ್ಧಾರ ಆಗಿರಲಿಲ್ಲ.

ನಾನಿರುವುದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. 2025ರ ಫೆಬ್ರವರಿ 20ರಂದು ಇದು ಇಲ್ಲಿನ ಸಿನಿಮಾ ಮಂದಿರಗಳಿಗೆ ಬಂತು. ಅವತ್ತೇ ಸಂಜೆ ಒಬ್ಬಳೇ ಹೋದೆ. ಇಪ್ಪತ್ತೈದು ಜನ ಇದ್ದರೇನೋ, ಹೆಚ್ಚಿನವರು ಎಪ್ಪತ್ತು ದಾಟಿದವರು. ಕೋಟು ಬಿಚ್ಚದೆ, ಒಬ್ಬರಿಂದ ಒಬ್ಬರು ನಾಲ್ಕು ಸೀಟು ದೂರ ಕೂತಿದ್ದರು. ನಾಟಕ ಶುರುವಾಗುವುದು ಹೇಗೆ ಅಂತ ನಿಮಗೆ ನೆನಪಿರಬೇಕು. ಆಲ್ಜರ್ನನ್ ಪಾತ್ರದ ಎನ್‌ಕೂಟಿ ಗಾಟ್ವಾ ಗುಲಾಬಿ ಬಣ್ಣದ ಉದ್ದನೆಯ ಗೌನು ತೊಟ್ಟು ಪಿಯಾನೋ ಮುಂದೆ ಕಾಣಿಸಿಕೊಳ್ಳುತ್ತಾರೆ. ಪರದೆಯೊಳಗಿನ ಸಭೆ ಹೋ ಅಂತ ಕೂಗಿತು. ನಮ್ಮ ಹಾಲಿನಲ್ಲಿ ಯಾರೋ ಕೆಮ್ಮಿದರು. ಅಷ್ಟೇ.

ಇಂಟರ್ವಲ್‌ನಲ್ಲಿ ಒಂದು ಜೋಡಿ ಎದ್ದು ಹೋದರು, ಮತ್ತೆ ಬರಲಿಲ್ಲ. ಐಸ್‌ಕ್ರೀಮ್ ತಿನ್ನುತ್ತಿದ್ದ ಅಜ್ಜಿಯೊಬ್ಬರು ನನ್ನ ಕಡೆ ತಿರುಗಿ, “ಚೆನ್ನಾಗೇ ಮಾಡ್ತಿದ್ದಾರೆ, ಆದರೆ ತಾವು ತಮಾಷೆಯವರು ಅಂತ ಅವರಿಗೇ ಗೊತ್ತಿದೆಯಲ್ಲಾ” ಅಂದರು. ಆ ಮಾತು ತಲೆಯಲ್ಲಿ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಸಲ ಹೋದದ್ದು ಅಮ್ಮನ ಜೊತೆ. ಶಿವಮೊಗ್ಗದಿಂದ ಬಂದಿದ್ದರು, ಮನೆಯಲ್ಲಿ ಕೂತು ಬೇಜಾರು ಅಂತಿದ್ದರು. ಪಕ್ಕದ ದೊಡ್ಡ ಊರಿನಲ್ಲಿ ಮರುಪ್ರದರ್ಶನ ಇತ್ತು. ಹಾಲ್ ಭರ್ತಿ, ಅರ್ಧಕ್ಕರ್ಧ ಕಾಲೇಜು ಹುಡುಗ ಹುಡುಗಿಯರು. ಅಮ್ಮನಿಗೆ ಇಂಗ್ಲಿಷ್ ನಾಟಕದ ಮಾತು ಅರ್ಧವೂ ಹಿಡಿಯುವುದಿಲ್ಲ. ಕತೆ ಮಾತ್ರ ಬಸ್ಸಿನಲ್ಲಿ ಹೇಳಿದ್ದೆ: ಜ್ಯಾಕ್ ಅಂತ ಒಬ್ಬ, ಊರಲ್ಲಿ ಮಹಾ ಸಭ್ಯಸ್ಥ. ಲಂಡನ್ನಿಗೆ ಮಜಾ ಮಾಡಲು ಹೋಗಬೇಕಾದಾಗಲೆಲ್ಲ, ಅರ್ನೆಸ್ಟ್ ಅನ್ನುವ ಪೋಲಿ ತಮ್ಮನಿದ್ದಾನೆ, ಅವನನ್ನು ನೋಡಬೇಕು ಅಂತ ಸುಳ್ಳು ಹೇಳುತ್ತಾನೆ. ಲಂಡನ್ನಿನಲ್ಲಿ ತನ್ನ ಹೆಸರೇ ಅರ್ನೆಸ್ಟ್ ಅಂತ ಹೇಳಿಕೊಳ್ಳುತ್ತಾನೆ. ಅವನ ಗೆಳೆಯ ಆಲ್ಜರ್ನನ್ ಅದೇ ಅರ್ನೆಸ್ಟ್ ನಾನು ಅಂತ ಹೇಳಿಕೊಂಡು ಜ್ಯಾಕ್‌ನ ಮನೆಗೇ ಬಂದು ಸೇರಿಕೊಳ್ಳುತ್ತಾನೆ. ಅತ್ತ ಜ್ಯಾಕ್, ಈ ತಮ್ಮನ ಕಾಟ ಸಾಕು, ಸಾಯಿಸಿಬಿಡೋಣ ಅಂತ ತೀರ್ಮಾನ ಮಾಡಿರುತ್ತಾನೆ.

ಸರಿ, ಎರಡನೇ ಅಂಕ. ಜ್ಯಾಕ್ ತೋಟದ ಹಿಂದಿನಿಂದ ಮೆಲ್ಲಗೆ ನಡೆದು ಬರುತ್ತಾನೆ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ, ಕಪ್ಪು ಕೈಗವಸು, ಮುಖದಲ್ಲಿ ಸೂತಕದ ಕಳೆ. ಒಂದು ಮಾತಿಲ್ಲ. ಹಾಲ್ ಪೂರ್ತಿ ಸಿಡಿಯಿತು. ಅಮ್ಮ ನನ್ನ ತೊಡೆಗೆ ಹೊಡೆದು, “ಅಯ್ಯೋ, ಅವನು ಒಳಗೇ ಕೂತಿದ್ದಾನಲ್ಲೇ!” ಅಂತ ಕನ್ನಡದಲ್ಲೇ ಕೂಗಿದರು. ಮುಂದಿನ ಸಾಲಿನ ಹುಡುಗಿ ತಿರುಗಿ ನೋಡಿ, ಅರ್ಥ ಆದವಳ ಹಾಗೆ ತಲೆಯಾಡಿಸಿದಳು.

ಮೊದಲ ಸಲ ಇದೇ ದೃಶ್ಯದಲ್ಲಿ ನಮ್ಮ ಇಪ್ಪತ್ತೈದು ಜನ ‘ಹ್ಹ’ ಅಂದಿದ್ದರು. ಆದರೆ ಅವತ್ತು ನನಗೊಂದು ಲಾಭ ಆಗಿತ್ತು. ತಮ್ಮ ಸತ್ತ ಅಂತ ಜ್ಯಾಕ್ ಹೇಳಿದಾಗ ಮೇಷ್ಟ್ರಮ್ಮ ಮಿಸ್ ಪ್ರಿಸಮ್, “ಒಳ್ಳೇ ಪಾಠ ಅವನಿಗೆ! ಇದರಿಂದಲಾದರೂ ಬುದ್ಧಿ ಕಲಿತಾನೆ ಅಂದುಕೊಳ್ಳುತ್ತೇನೆ” ಅನ್ನುತ್ತಾಳೆ. ಇಡೀ ನಾಟಕದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಇದು. ಭರ್ತಿ ಹಾಲಿನಲ್ಲಿ ಅದು ಸರಿಯಾಗಿ ಕಿವಿಗೇ ಬೀಳಲಿಲ್ಲ. ಹಿಂದಿನ ನಗು ಇನ್ನೂ ಇಳಿದಿರಲಿಲ್ಲ.

ಅಸಲು ತೊಡಕು ಇರುವುದು ಇಲ್ಲೇ. ಹಾಸ್ಯದ ನಟರು ನಗುವಿಗೆ ಜಾಗ ಬಿಟ್ಟು ಮಾತಾಡುತ್ತಾರೆ. ನಗು ಏರುತ್ತೆ, ಇಳಿಯೋಕೆ ಶುರುವಾಗುತ್ತೆ, ಆಗ ಮುಂದಿನ ಮಾತು ಎತ್ತುತ್ತಾರೆ. ದಿನಾ ಸಂಜೆ ಸಭೆ ಬದಲು, ಲೆಕ್ಕವೂ ಬದಲು. ಚಿತ್ರೀಕರಣದಲ್ಲಿ ಆ ಲೆಕ್ಕ ಗಟ್ಟಿಯಾಗಿಬಿಡುತ್ತೆ. ಇದನ್ನು ಚಿತ್ರೀಕರಿಸಿದ, ನ್ಯಾಷನಲ್ ಥಿಯೇಟರಿನ ಲಿಟಲ್ಟನ್ ರಂಗಮಂದಿರದಲ್ಲಿ ಸುಮಾರು 890 ಸೀಟುಗಳಿವೆ. ಅವತ್ತು ಅಲ್ಲಿ ಕೂತಿದ್ದವರಿಗೆ ಬಿಟ್ಟ ಜಾಗ ಅದು, ನಿಮಗೆ ಬಿಟ್ಟದ್ದಲ್ಲ. ನೀವು ಕಡಿಮೆ ನಕ್ಕರೆ ನಟರು ಸುಮ್ಮನೆ ನಿಂತು ಏನನ್ನೋ ಕಾಯುತ್ತಿರುವ ಹಾಗೆ ಕಾಣುತ್ತೆ. ಜಾಸ್ತಿ ನಕ್ಕರೆ ಮುಂದಿನ ಮಾತು ಮುಳುಗುತ್ತೆ. ಪಕ್ಕದ ಮನೆಯ ಮದುವೆ ಊಟದ ಗದ್ದಲವನ್ನು ಕಾಂಪೌಂಡಿನ ಈಚೆ ಕೂತು ಕೇಳುವ ಥರ.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರಿಗೆ ಇದು ಗೊತ್ತಿರುತ್ತೆ. ಮನೆಯಲ್ಲಿ ನಾಲ್ಕು ಜನ ಸೇರಿ ಕೇಳಿದರೆ ಕ್ಯಾಸೆಟ್ಟಿನೊಳಗಿನ ಸಭೆಯ ಜೊತೆ ನಾವೂ ನಗುತ್ತಿದ್ದೆವು. ಒಬ್ಬಳೇ ಕೇಳಿದರೆ ಆ ನಗು ಬೇರೆಯವರದ್ದು ಅನ್ನಿಸುತ್ತಿತ್ತು.

ಇನ್ನು ಕ್ಯಾಮೆರಾ. ಕೊನೇ ಸಾಲಿನವರಿಗೆ ತಲುಪಲಿ ಅಂತ ಎತ್ತಿದ ಹುಬ್ಬು ನಿಮ್ಮ ಮುಂದೆ ಆರಡಿ ಉದ್ದ ಬಂದು ನಿಲ್ಲುತ್ತೆ. ಓವರ್ ಆ್ಯಕ್ಟಿಂಗ್ ಅಂತ ಬೈಯುವವರು ಸಾಮಾನ್ಯವಾಗಿ ಬೈಯುವುದು ಇದನ್ನೇ. ಅದಕ್ಕಿಂತ ನನಗೆ ಕಾಡಿದ್ದು ಬೇರೆ. ಹಾಸ್ಯದಲ್ಲಿ ಮಾತಾಡಿದವರಷ್ಟೇ ಮುಖ್ಯ ಕೇಳಿಸಿಕೊಂಡವರ ಮುಖ. ಕ್ಯಾಮೆರಾ ಒಬ್ಬರನ್ನೇ ಹಿಡಿದು ನಿಂತರೆ ಇನ್ನೊಬ್ಬರ ಮುಖ ನಮಗೆ ಸಿಗುವುದಿಲ್ಲ.

ಚಹಾದ ದೃಶ್ಯ ನೋಡಿ. ಜ್ಯಾಕ್ ಮೆಚ್ಚಿದ ಗ್ವೆಂಡೊಲಿನ್, ಆಲ್ಜರ್ನನ್ ಮೆಚ್ಚಿದ ಸೆಸಿಲಿ, ಇಬ್ಬರಿಗೂ ತಾವು ಒಬ್ಬನೇ ಅರ್ನೆಸ್ಟ್‌ನನ್ನು ಮದುವೆ ಆಗಲಿದ್ದೇವೆ ಅನ್ನುವ ತಪ್ಪು ಕಲ್ಪನೆ. ಆಳುಗಳು ಎದುರಿಗಿದ್ದಾರೆ, ಜೋರಾಗಿ ಜಗಳ ಆಡುವ ಹಾಗಿಲ್ಲ. ಸಕ್ಕರೆ ಬೇಡ ಅಂದವಳ ಲೋಟಕ್ಕೆ ಸೆಸಿಲಿ ಇಕ್ಕಳದಲ್ಲಿ ನಾಲ್ಕು ಉಂಡೆ ಸಕ್ಕರೆ ಹಾಕುತ್ತಾಳೆ. ಬ್ರೆಡ್ಡು ಬೆಣ್ಣೆ ಕೇಳಿದರೆ ದೊಡ್ಡ ಕೇಕಿನ ತುಂಡು ಕೊಡುತ್ತಾಳೆ. ಬಾಯಿ ಬೆಲ್ಲ, ಕರುಳು ಕತ್ತರಿ. ಅಮ್ಮನಿಗೆ ಇಲ್ಲಿ ನನ್ನ ಸಹಾಯವೇ ಬೇಕಾಗಲಿಲ್ಲ. ಒಂದು, ಎರಡು, ಮೂರು ಅಂತ ಸಕ್ಕರೆ ಎಣಿಸಿ, ನಾಲ್ಕನೆಯದಕ್ಕೆ “ಹಾಕು, ಹಾಕು” ಅಂದರು. ನಮ್ಮ ಮನೆಯ ಯಾವ ಸಮಾರಂಭ ನೆನಪಾಯಿತೋ, ನಾನು ಕೇಳಲಿಲ್ಲ.

ಹ್ಯಾಂಡ್‌ಬ್ಯಾಗ್ ಬಗ್ಗೆ ಹೇಳದೆ ಮುಗಿಸೋಕೆ ಆಗಲ್ಲ. ನೀವು ದಂಗಾಗಿದ್ದು ಅಲ್ಲೇ ಇರಬೇಕು. ಹೆಣ್ಣು ಕೇಳಲು ಬಂದ ಜ್ಯಾಕ್‌ನನ್ನು ಗ್ವೆಂಡೊಲಿನ್‌ಳ ತಾಯಿ ಲೇಡಿ ಬ್ರ್ಯಾಕ್‌ನೆಲ್ ನೋಟ್‌ಬುಕ್ ಹಿಡಿದು ವಿಚಾರಣೆ ಮಾಡುತ್ತಾಳೆ. ತಂದೆತಾಯಿ ಯಾರು ಅಂದರೆ, ಗೊತ್ತಿಲ್ಲ, ಮಗುವಾಗಿದ್ದಾಗ ನಾನು ಒಂದು ಹ್ಯಾಂಡ್‌ಬ್ಯಾಗಿನಲ್ಲಿ ಸಿಕ್ಕೆ ಅನ್ನುತ್ತಾನೆ. “ಎ ಹ್ಯಾಂಡ್‌ಬ್ಯಾಗ್?” ಅಂತ ಅವಳು ಕೇಳುವ ಎರಡೇ ಪದಕ್ಕೆ ಇಲ್ಲಿಯ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಕಾರಣ ಆಂತೊನಿ ಆಸ್ಕ್ವಿತ್ ನಿರ್ದೇಶನದ 1952ರ ಸಿನಿಮಾ. ಅದರಲ್ಲಿ ಈಡಿತ್ ಇವಾನ್ಸ್ ಆ ಮಾತನ್ನು ರಾಗ ಎಳೆದು ಎಳೆದು ಹೇಳಿದ ರೀತಿ ಇಡೀ ದೇಶದ ಕಿವಿಯಲ್ಲಿ ಕೂತುಬಿಟ್ಟಿದೆ. ಆಮೇಲೆ ಬಂದ ಎಲ್ಲರಿಗೂ ಅದೇ ತಲೆನೋವು. 2011ರಲ್ಲಿ ನ್ಯೂಯಾರ್ಕಿನಿಂದ ಸಿನಿಮಾ ಮಂದಿರಗಳಿಗೆ ಬಂದ ಚಿತ್ರೀಕರಣದಲ್ಲಿ ಬ್ರಯನ್ ಬೆಡ್‌ಫರ್ಡ್, 2015ರ ಲಂಡನ್ನಿನದ್ದರಲ್ಲಿ ಡೇವಿಡ್ ಸುಶೆ, ಇಬ್ಬರೂ ಗಂಡಸರು, ಸ್ಕರ್ಟು ತೊಟ್ಟು ಇದೇ ಪಾತ್ರ ಮಾಡಿದರು. ಹಾಗಾಗಿ ಸುತ್ತಲಿನವರು ನಕ್ಕರೆ ಅದರಲ್ಲಿ ಅರ್ಧ ನಗು ಹಳೇ ಪರಿಚಯದ್ದು. ನಿಮಗೆ ಆ ಪರಿಚಯ ಇಲ್ಲ, ನಗು ಬರಲಿಲ್ಲ. ಅದರಲ್ಲೇನು ತಪ್ಪು?

ಜೊತೆಗೆ, ವೈಲ್ಡ್ ಹೇಳುವ ಹ್ಯಾಂಡ್‌ಬ್ಯಾಗ್ ಹೆಂಗಸರ ವ್ಯಾನಿಟಿ ಬ್ಯಾಗ್ ಅಲ್ಲ. ಸ್ವಲ್ಪ ದೊಡ್ಡದಾದ, ಹಿಡಿಕೆಯಿರುವ ಕಪ್ಪು ಚರ್ಮದ ಪ್ರಯಾಣದ ಚೀಲ. ಸಿಕ್ಕಿದ್ದು ವಿಕ್ಟೋರಿಯಾ ರೈಲು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ. ಇಲ್ಲಿಯ ಈಗಿನ ಹುಡುಗರಿಗೆ ಕ್ಲೋಕ್‌ರೂಮ್ ಅಂದರೆ ಕೋಟು ನೇತುಹಾಕುವ ಜಾಗ, ಇಲ್ಲಾ ಟಾಯ್ಲೆಟ್ಟು. ನಮ್ಮ ರೈಲ್ವೆ ಸ್ಟೇಷನ್ನುಗಳಲ್ಲಿ ಇವತ್ತಿಗೂ ಲಗೇಜು ಇಡುವ ಕೋಣೆಗೆ ಅದೇ ಬೋರ್ಡು. ಅಂದರೆ ಈ ಜೋಕಿನಲ್ಲಿ ಅವರಿಗಿಂತ ನಾವೇ ಒಂದು ಹೆಜ್ಜೆ ಮುಂದೆ ಇದ್ದೇವೆ! ಇಷ್ಟು ಅವಮಾನದ ನಡುವೆ ಜ್ಯಾಕ್, “ಬ್ರೈಟನ್ ಲೈನು” ಅಂತ ಬೇರೆ ಸೇರಿಸುತ್ತಾನೆ, ಒಳ್ಳೇ ಲೈನಿನಲ್ಲಿ ಸಿಕ್ಕಿದರೆ ಮಾನ ಉಳಿಯುತ್ತೆ ಅನ್ನುವ ಹಾಗೆ. ಲೈನು ಯಾವುದಾದರೇನು ಅಂತ ಅವಳು ಅಲ್ಲೇ ತಳ್ಳಿಹಾಕುತ್ತಾಳೆ.

ನೀವು ನೋಡಿದ ಪ್ರಯೋಗದಲ್ಲಿ ಈ ಪಾತ್ರ ಮಾಡಿದ ಶ್ಯಾರನ್ ಡಿ ಕ್ಲಾರ್ಕ್ ಕೆರಿಬಿಯನ್ ಮನೆಯ ಹಿರಿಯಳ ಗತ್ತಿನಲ್ಲಿ ಮಾಡಿದ್ದಾರೆ. ನನ್ನ ಪ್ರಕಾರ ಇಡೀ ತಂಡದಲ್ಲಿ ನಾಟಕವನ್ನು ಸರಿಯಾಗಿ ಹಿಡಿದವರು ಅವರೇ. ಎರಡೂ ಹಾಲಿನಲ್ಲಿ, ಕೋಟು ಬಿಚ್ಚದ ಆ ಅಜ್ಜಂದಿರೂ ಸೇರಿದಂತೆ, ಎಲ್ಲರೂ ಒಟ್ಟಿಗೆ ನಕ್ಕಿದ್ದು ಅವರ ಮಾತಿಗೆ ಮಾತ್ರ. ಯಾಕೆಂದರೆ ಅವರು ನಮ್ಮ ಕಡೆ ನೋಡಿ ಕಣ್ಣು ಹೊಡೆಯುವುದಿಲ್ಲ. ತಾನು ಹೇಳುತ್ತಿರುವುದು ಲೋಕದ ನ್ಯಾಯ ಅಂತ ಆ ಹೆಂಗಸು ನಂಬಿದ್ದಾಳೆ.

ಐಸ್‌ಕ್ರೀಮ್ ಅಜ್ಜಿಯ ಮಾತು ತಲೆಯಲ್ಲಿ ಉಳಿದದ್ದು ಇದಕ್ಕೇ. ವೈಲ್ಡ್‌ನ ಪಾತ್ರಗಳು ಸೌತೆಕಾಯಿ ಸ್ಯಾಂಡ್‌ವಿಚ್ಚನ್ನು ಜೀವನ್ಮರಣದ ಪ್ರಶ್ನೆ ಮಾಡಿಕೊಳ್ಳುತ್ತವೆ, ಸಾವನ್ನು ನೆಗಡಿಯ ಹಾಗೆ ಮಾತಾಡುತ್ತವೆ. ಮುಖ ಮಾತ್ರ ಬಿಗಿಯಾಗಿರಬೇಕು. ನಿರ್ದೇಶಕ ಮ್ಯಾಕ್ಸ್ ವೆಬ್‌ಸ್ಟರ್ ಅವರ ಈ ಪ್ರಯೋಗದಲ್ಲಿ ಗಾಟ್ವಾ ಪದೇ ಪದೇ ಸಭೆಯ ಜೊತೆ ಗುಟ್ಟು ಹಂಚಿಕೊಳ್ಳುತ್ತಾರೆ. ರಂಗಮಂದಿರದಲ್ಲಿ ಇದ್ದರೆ ಆ ಗುಟ್ಟು ನಿಮ್ಮ ಜೊತೆ. ಸಿನಿಮಾ ಹಾಲಿನಲ್ಲಿ ಅದು ಪರದೆಯೊಳಗೆ ಕೂತ ಯಾರ ಜೊತೆಗೋ.

ಹಾಗಂತ ಆ ಗುಲಾಬಿ ಗೌನನ್ನು ಬೈಯುವವರ ಪೂರ್ತಿ ಪಕ್ಷ ನಾನಿಲ್ಲ. ನಾಟಕದ ಮೊದಲ ಪ್ರದರ್ಶನ ಆದದ್ದು 1895ರ ಫೆಬ್ರವರಿ 14ರಂದು, ಲಂಡನ್ನಿನ ಸೇಂಟ್ ಜೇಮ್ಸಸ್ ಥಿಯೇಟರಿನಲ್ಲಿ. ವೈಲ್ಡ್‌ನ ಗೆಳೆಯನ ತಂದೆ, ಕ್ವೀನ್ಸ್‌ಬರಿಯ ಮಾರ್ಕ್ವಿಸ್, ಅವತ್ತು ತರಕಾರಿಯ ಗೊಂಚಲು ಹಿಡಿದು ಗಲಾಟೆ ಮಾಡಲು ಬಂದಿದ್ದ. ಬಾಗಿಲಲ್ಲೇ ತಡೆದರು. ಒಳಗೆ ಜನ ಎದ್ದು ನಿಂತು ಮತ್ತೆ ಮತ್ತೆ ಜೈಕಾರ ಹಾಕಿದರು ಅಂತ ಅವತ್ತು ಆಲ್ಜರ್ನನ್ ಮಾಡಿದ ಅಲನ್ ಏಯ್ನ್ಸ್‌ವರ್ತ್ ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡಿದ್ದಾರೆ. ಏಪ್ರಿಲ್ 5ಕ್ಕೆ ವೈಲ್ಡ್‌ನ ಬಂಧನ. ಗಂಡಸರ ಜೊತೆಗಿನ ಸಂಬಂಧಕ್ಕಾಗಿ ಎರಡು ವರ್ಷ ಕಠಿಣ ಸಜೆ. ನಾಟಕ ಇನ್ನೂ ನಡೆಯುತ್ತಿದ್ದಾಗಲೇ ಜಾಹೀರಾತಿನಿಂದ ಅವನ ಹೆಸರು ತೆಗೆದರು. ಅಷ್ಟಾದರೂ ಎಂಬತ್ತು ಚಿಲ್ಲರೆ ಪ್ರದರ್ಶನಕ್ಕೇ ನಿಂತಿತು. ಊರಲ್ಲೊಂದು ಹೆಸರು, ಪಟ್ಟಣದಲ್ಲೊಂದು ಹೆಸರು ಇಟ್ಟುಕೊಂಡು ಬದುಕುವ ಗಂಡಸರ ಕತೆ ಬರೆದವನು ಯಾವ ಸಂಕಟ ಬಚ್ಚಿಟ್ಟಿದ್ದ ಅಂತ ಈಗ ಎಲ್ಲರಿಗೂ ಗೊತ್ತು. ಅದನ್ನು ಬಹಿರಂಗವಾಗಿ ತೋರಿಸಿ ಸಂಭ್ರಮ ಪಡೋಣ ಅನ್ನುವುದು ಈ ತಂಡದ ಆಸೆ. ಕೊನೆಯಲ್ಲಿ ಎಲ್ಲರೂ ಹೂವಿನಂಥ ವೇಷ ತೊಟ್ಟು ಬಂದಾಗ ನನ್ನ ಮುಂದಿನ ಸಾಲಿನ ಹುಡುಗಿಯರು ಎದ್ದು ಕೂಗಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಆ ಕಣ್ಣೀರಿನ ಎದುರು, ಹುಬ್ಬು ಜಾಸ್ತಿ ಎತ್ತಿದರು ಅನ್ನುವ ನನ್ನ ತಕರಾರು ಸಣ್ಣದಾಗಿ ಕಂಡಿತು. ಆದರೆ ವಾಪಸ್ ತಗೊಳ್ಳಲ್ಲ.

ಅಂದಹಾಗೆ, ನಗದೇ ಹೋದವರಲ್ಲಿ ನೀವು ಮೊದಲನೆಯವರೇನಲ್ಲ. 1895ರಲ್ಲೇ ಬರ್ನಾರ್ಡ್ ಶಾ ವಿಮರ್ಶೆ ಬರೆದು, ನಾನು ನಾಟಕಕ್ಕೆ ಹೋಗುವುದು ಮನಸ್ಸು ತಟ್ಟಿ ನಗಲಿಕ್ಕೆ, ಕಚಗುಳಿ ಇಡಿಸಿಕೊಳ್ಳೋಕಲ್ಲ ಅಂದಿದ್ದ. ಸಂಜೆ ದಂಡವಾಯಿತು ಅನ್ನುವ ಬೇಸರ ಅವನಿಗೂ ಆಗಿತ್ತು.

ಇನ್ನೊಮ್ಮೆ ನೋಡುವ ಮನಸ್ಸಿದ್ದರೆ 1952ರ ಸಿನಿಮಾದಿಂದ ಶುರುಮಾಡಿ. ಅದರಲ್ಲಿ ಬೇರೆಯವರ ನಗು ಇಲ್ಲ, ಯಾರೂ ನಿಮ್ಮನ್ನು ಅವಸರ ಮಾಡಲ್ಲ. ಸಬ್‌ಟೈಟಲ್ ಬೇಡ, ಜೋಕು ಮಾತಿಗಿಂತ ಮುಂಚೆ ಬಂದು ಕೆಡುತ್ತೆ. ಆಮೇಲೆ ಈ ಚಿತ್ರೀಕರಣವನ್ನು ನಾಲ್ಕು ಜನ ಸೇರಿಸಿಕೊಂಡು ನೋಡಿ. ಒಬ್ಬರಾದರೂ ಜೋರಾಗಿ ಮಾತಾಡುವವರಿರಲಿ. ನಮ್ಮಮ್ಮ ಈಗ ಶಿವಮೊಗ್ಗದಲ್ಲಿದ್ದಾರೆ. ಫೋನ್ ಮಾಡಿದಾಗಲೆಲ್ಲ, “ಆ ಸಕ್ಕರೆ ಹುಡುಗಿದು ಮದುವೆ ಆಯ್ತಲ್ಲ ಕೊನೆಗೆ?” ಅಂತ ಕೇಳುತ್ತಾರೆ.