ಸೂಜಿ ಟೆಸ್ಟಲ್ಲಿ ‘ಸ್ಯಾಂಪಲ್ ಸಾಲದು’ ಅಂತ ಬಂದಿದ್ದಕ್ಕೆ

ನಿಮ್ಮ ಅಪ್ಪಾಜಿ ಶ್ವಾಸಕೋಶದ ಗಡ್ಡೆಗೆ ಸೂಜಿ ಹಾಕಿ ತಗೊಂಡ ಸ್ಯಾಂಪಲ್ ಟೆಸ್ಟಿಗೆ ಸಾಲದು ಅಂತ ಯಾಕೆ ಬಂತು ಅಂದ್ರೆ, ಬಹುಶಃ ತೆಳು ಸೂಜಿನೇ ಕಾರಣ. 22 ಗೇಜಲ್ಲಿ (ಗೇಜ್ ಅಂದ್ರೆ ಸೂಜಿ ದಪ್ಪದ ಅಳತೆ) ಬಿಡಿ ಜೀವಕೋಶ ಅಷ್ಟೇ ಬರೋದು, ಈಗ ಅವರಿಗೆ ಹೇಳಿರೋ 18 ಗೇಜ್ ಟ್ರೂಕಟ್‌ನಲ್ಲಿ (ತುಂಡು ಕತ್ತರಿಸಿ ತಗಿಯೋ ಸೂಜಿ) ಶಾವಿಗೆ ಎಳೆ ಥರ ತುಂಡೇ ಸಿಗ್ತೈತೆ, ಗಡ್ಡೆ ಕ್ಯಾನ್ಸರ್ ಆಗಿದ್ರೆ ಯಾವ ಜಾತಿದು ಅಂತ ನೋಡೋ ಐಎಚ್‌ಸಿ, ಯಾವ ಔಷಧಿ ಹೊಂದ್ತೈತೆ ಅಂತ ಜೀನ್ ನೋಡೋ ಇಜಿಎಫ್‌ಆರ್ ಟೆಸ್ಟಿಗೂ ಸಾಮಾನ್ಯವಾಗಿ ಸಾಕಾಗ್ತೈತೆ. ಗೇಜ್ ನಂಬರ್ ಹೆಚ್ಚಾದಷ್ಟು ಸೂಜಿ ತೆಳು, ಇದನ್ನ ಉಲ್ಟಾ ತಿಳ್ಕೋಬ್ಯಾಡ್ರಿ. ಗಡ್ಡೆ ನಡುವೆ ಕೊಳೆತಿದ್ರೂ ಹಿಂಗೇ ಆಗ್ತೈತೆ, ಸಿಟಿ ನೋಡ್ದೆ ಎರಡ್ರಲ್ಲಿ ಯಾವ್ದು ಅಂತ ಖಚಿತ ಹೇಳಕ್ಕಾಗಲ್ಲ.

ಕೊಪ್ಪಳದಿಂದ ಬಳ್ಳಾರಿಗೆ ಎರಡ್ನೇ ಸಲ ಬರೋಕೆ ಮುಂಚೆ ಗಡ್ಡೆ ಎದೆಗೋಡೆಗೆ ತಾಗೈತಾ ಕೇಳ್ರಿ. ತಾಗಿದ್ರೆ ಮಾತ್ರ ಅಲ್ಟ್ರಾಸೌಂಡಲ್ಲಿ ಕಾಣ್ತೈತೆ, ನಡುವೆ ಗಾಳಿ ತುಂಬಿದ ಶ್ವಾಸಕೋಶ ಇದ್ರೆ ಸಿಟಿ ಸ್ಕ್ಯಾನ್ ನೋಡ್ಕೊಂಡು ಸೂಜಿ ಹಾಕೋ ಸಿಟಿ ಗೈಡೆಡ್ಡೇ ಮಾಡ್ಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಈಗ್ಲೇ ಡಾಕ್ಟರಿಗೆ ಹೇಳ್ರಿ, ನೀವಾಗೇ ನಿಲ್ಸಬ್ಯಾಡ್ರಿ. ರಕ್ತ ಹೆಪ್ಪುಗಟ್ಟೋದನ್ನ ನೋಡೋ ಪಿಟಿ ಐಎನ್‌ಆರ್, ಪ್ಲೇಟ್ಲೆಟ್ ರಿಪೋರ್ಟ್ ಕೈಯಲ್ಲಿರ್ಲಿ.

ಮಾಡೋ ದಿನ ಎರಡು ಮಾತು ಕೇಳ್ರಿ, ಕೊಳೆತ ಭಾಗ ಬಿಟ್ಟು ಅಂಚಿಂದ ತಗೀತೀರಾ ಅಂತ, ಮತ್ತೆ ಗಡ್ಡೆ ಟಿಬಿದೂ ಆಗಿರಬಹುದು ಅಂತ ಒಂದು ತುಂಡು ಫಾರ್ಮಲಿನ್‌ಗೆ (ತುಂಡು ಕೆಡದಂಗೆ ಇಡೋ ದ್ರಾವಣ) ಹಾಕ್ದೆ ಸಲೈನಲ್ಲಿ (ಉಪ್ಪು ನೀರು) ಟಿಬಿ ಟೆಸ್ಟಿಗೆ ಕಳಿಸ್ತೀರಾ ಅಂತ. ಈ ಎರಡ್ನೇದು ಬಾಳ ಮುಖ್ಯ, ಫಾರ್ಮಲಿನಲ್ಲಿ ಮುಳುಗಿದ ಮೇಲೆ ಕಲ್ಚರ್ (ಲ್ಯಾಬಲ್ಲಿ ರೋಗಾಣು ಬೆಳೆಸಿ ನೋಡೋದು) ಆಗಲ್ಲ, ಅಪ್ಪಾಜಿ ಮೂರ್ನೇ ಸಲ ಚುಚ್ಚಿಸ್ಕೋಬೇಕಾಗ್ತೈತೆ. ಬಾಟಲಲ್ಲಿ ತುಂಡು ಬಿಳಿ ದಾರದಂಗೆ ಇಡಿಯಾಗಿದ್ರೆ ಚಲೋ, ಪುಡಿಪುಡಿ ಆಗಿದ್ರೆ ಇನ್ನೊಂದು ತಗೀತಾರೆ.

ಆದ್ಮೇಲೆ ಶ್ವಾಸಕೋಶದಿಂದ ಗಾಳಿ ಸೋರೈತಾ ಅಂತ ಎಕ್ಸ್‌ರೇ ನೋಡೋವರ್ಗೂ ಬಸ್ ಹಿಡಿಯೋ ಅವಸರ ಬ್ಯಾಡ. ಊರಿಗೆ ಬಂದ್ಮೇಲೂ ಉಸಿರು ಕಟ್ಟಿದ್ರೆ, ಎದೆ ಚುಚ್ಚಿದ್ರೆ ಇಲ್ಲಾ ಕೆಮ್ಮಲ್ಲಿ ರಕ್ತ ಜಾಸ್ತಿ ಬಂದ್ರೆ ತಕ್ಷಣ ಹತ್ರದ ಎಮರ್ಜೆನ್ಸಿಗೆ ಕರ್ಕೊಂಡ್ಹೋಗ್ರಿ.