ಚೆಶೈರ್ ಅಶೋಕನಲ್ಲ

ಮಾನ್ಯರೇ,

ನಿಮ್ಮ ಪತ್ರ ಉದ್ದವಾಗಿಯೂ ಇತ್ತು, ಖಾರವಾಗಿಯೂ ಇತ್ತು. ಪತ್ರಿಕೆ ನಡೆಸುವವರಿಗೆ ಎರಡೂ ಬೇಕು. ಪರದೇಶದ ದಾನಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಬ್ರಿಟನ್ನಿನ ಮಾಜಿ ಯುದ್ಧವೈಮಾನಿಕ, ಅಂಗವಿಕಲರ ‘ಚೆಶೈರ್ ಹೋಮ್’ಗಳನ್ನು ಕಟ್ಟಿದ ಲಿಯೊನಾರ್ಡ್ ಚೆಶೈರ್ ಅವರಿಗೆ ನಾಲ್ಕೇ ಸಾಲು ಸಿಕ್ಕಿದ್ದು ನಿಮಗೆ ಸರಿಬಂದಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ‘ಚೆಶೈರ್ ಹೋಮ್’ ಎಂಬ ಫಲಕವನ್ನು ದಿನವೂ ನೋಡುವವರು ನೀವು. “ಆ ಹೆಸರಿನ ಮನುಷ್ಯ ನಾಗಸಾಕಿಯ ಮೇಲೆ ಅಣುಬಾಂಬ್ ಬೀಳುವುದನ್ನು ಕಣ್ಣಾರೆ ಕಂಡು, ಪಶ್ಚಾತ್ತಾಪದಿಂದ ಬೆಂದು, ಅಂಗವಿಕಲರ ಸೇವೆಗೆ ನಿಂತವನು. ಮುಖ್ಯವಾದ ಅದನ್ನೇ ಬಿಟ್ಟಿದ್ದೀರಿ” ಎಂದು ಬರೆದಿದ್ದೀರಿ. ಅದರ ಬೆನ್ನಿಗೇ, “ಊರುಗಳನ್ನು ಸುಟ್ಟವನನ್ನು ದಾನಿ ಎಂದು ಕರೆಯಬಹುದೇ?” ಎಂದೂ ಕೇಳಿದ್ದೀರಿ. ಮೊದಲ ಮಾತಿನಲ್ಲಿ ಅವರನ್ನು ಅಶೋಕನ ಸಾಲಿಗೆ ಸೇರಿಸಿ, ಎರಡನೆಯದರಲ್ಲಿ ಕಳಿಂಗದ ಲೆಕ್ಕ ಕೇಳಿದ್ದೀರಿ.

ಆ ಪಶ್ಚಾತ್ತಾಪದ ಕಥೆಯನ್ನು ನಾವು ಮರೆತು ಬಿಟ್ಟದ್ದಲ್ಲ. ಅದು ನಡೆದದ್ದು ಹಾಗಲ್ಲವಾದ್ದರಿಂದ ಬಿಟ್ಟೆವು.

1945ರ ಆಗಸ್ಟ್ 9ರಂದು ಬ್ರಿಟನ್ ಸರ್ಕಾರದ ವೀಕ್ಷಕರಾಗಿ ಚೆಶೈರ್ ಒಂದು ಅಮೆರಿಕನ್ ವಿಮಾನದಲ್ಲಿದ್ದರು, ನಿಜ. ಪಕ್ಕದಲ್ಲಿ ವಿಜ್ಞಾನಿ ವಿಲಿಯಂ ಪೆನ್ನಿ ಇದ್ದರು. ಆದರೆ ಅವರ ವಿಮಾನ ಬಾಂಬ್ ಹೊತ್ತ ವಿಮಾನವನ್ನು ಯಾಕುಶಿಮಾ ದ್ವೀಪದ ಮೇಲೆ ಕೂಡಿಕೊಳ್ಳಬೇಕಿತ್ತು; ಇವರ ಪೈಲಟ್ ಗೊತ್ತುಪಡಿಸಿದ್ದಕ್ಕಿಂತ ಬಹಳ ಎತ್ತರದಲ್ಲಿ ಸುತ್ತುತ್ತಿದ್ದುದರಿಂದ ಭೇಟಿ ತಪ್ಪಿತು. ಕಾದು ಕಾದು ಆ ವಿಮಾನ ಹೊರಟುಹೋಯಿತು. ಚೆಶೈರ್ ಕಂಡದ್ದು ಸ್ಫೋಟವಾದ ಮೇಲೆ ಎದ್ದು ನಿಂತ ಮೋಡವನ್ನು, ಅದೂ ದೂರದಿಂದ. ಅದು ಅವರನ್ನು ಕಲಕಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಬಾಂಬ್ ಯುದ್ಧವನ್ನು ಬೇಗ ಮುಗಿಸಿತು, ಇನ್ನೂ ದೊಡ್ಡ ಸಾವನ್ನು ತಡೆಯಿತು ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಚಳವಳಿಗಾರರ ಎದುರು ನಿಂತು ವಾದಿಸಿದವರು ಅವರು. ನನಗೆ ಆ ವಾದ ಒಪ್ಪಿಗೆಯಿಲ್ಲ, ನಿಮಗೂ ಇರಲಿಕ್ಕಿಲ್ಲ. ಆದರೆ ನಮಗೆ ಒಪ್ಪಿಗೆಯಿಲ್ಲವೆಂದು ಅವರ ಬಾಯಲ್ಲಿ ಪಶ್ಚಾತ್ತಾಪ ತುರುಕುವುದು ನ್ಯಾಯವಲ್ಲ. ಅಂಗುಲಿಮಾಲನ ಕಥೆ ಕೇಳಿ ಬೆಳೆದ ನಮಗೆ ಯಾವ ಒಳ್ಳೆಯ ಕೆಲಸದ ಹಿಂದೆಯೂ ಒಂದು ಪಾಪ ಇದ್ದರೆ ಕಥೆ ಪೂರ್ತಿಯಾದಂತೆ ಅನಿಸುತ್ತದೆ, ಅಷ್ಟೆ.

ಇನ್ನು ಊರು ಸುಟ್ಟ ಪ್ರಶ್ನೆ. ಇದನ್ನು ತೇಲಿಸಿ ಬಿಡಲಾಗದು. ಚೆಶೈರ್ ಹುಟ್ಟಿದ್ದು 1917ರಲ್ಲಿ. ತಂದೆ ಆಕ್ಸ್‌ಫರ್ಡಿನ ಹೆಸರಾಂತ ಕಾನೂನು ಪಂಡಿತರು. ಮಗನಿಗೆ ಓದಿಗಿಂತ ಕಾರು, ಪಂದ್ಯ, ಮೋಜು ಹೆಚ್ಚು ಪ್ರಿಯವಾಗಿದ್ದವು. ವಿಶ್ವವಿದ್ಯಾಲಯದ ವಿಮಾನದಳದಲ್ಲಿ ಹಾರಲು ಕಲಿತು, ಯುದ್ಧ ಶುರುವಾದಾಗ ಬಾಂಬರ್ ಪೈಲಟ್ ಆದರು. 1940ರ ನವೆಂಬರಿನ ಒಂದು ರಾತ್ರಿ ಕಲೋನ್ ನಗರದ ಬಳಿ ಅವರ ವಿಟ್ಲಿ ವಿಮಾನಕ್ಕೆ ಗುಂಡು ಬಡಿದು, ಒಳಗಿದ್ದ ಬೆಳಕಿನ ಬಾಣವೊಂದು ಸಿಡಿದು, ವಿಮಾನದ ಮಗ್ಗುಲು ಮನುಷ್ಯ ನಡೆದುಹೋಗುವಷ್ಟು ಹರಿದುಹೋಯಿತು. ರೇಡಿಯೋ ನೋಡಿಕೊಳ್ಳುತ್ತಿದ್ದ ಹುಡುಗನ ಮೈ ಸುಟ್ಟಿತ್ತು. ಆ ಸ್ಥಿತಿಯಲ್ಲೇ 23ರ ಹರೆಯದ ಚೆಶೈರ್ ವಿಮಾನವನ್ನು ಇಂಗ್ಲೆಂಡಿಗೆ ತಂದಿಳಿಸಿದರು. ಬ್ರಿಟಿಷ್ ಬಾಂಬರ್ ಕಮಾಂಡಿನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತರು. ಮೂವತ್ತು ಹಾರಾಟ ಮುಗಿಸಿದವರಿಗೆ ಬಿಡುವು ಕೊಡುವುದು ವಾಡಿಕೆಯಾಗಿತ್ತು. ಚೆಶೈರ್ ನೂರು ಮುಗಿಸಿದರು. ಅವುಗಳಲ್ಲಿ ಹಲವು ಜರ್ಮನಿಯ ನಗರಗಳ ಮೇಲಿನ ರಾತ್ರಿ ದಾಳಿಗಳು. ಕೆಳಗೆ ಜನ ಮಲಗಿದ್ದರು ಎಂಬುದನ್ನು ಯಾವ ಪದಕವೂ ಮುಚ್ಚುವುದಿಲ್ಲ.

ಆದರೆ ಇಷ್ಟಕ್ಕೇ ನಿಂತರೆ ಅರ್ಧ ಹೇಳಿದಂತಾಯಿತು. 1943ರಲ್ಲಿ ಅವರು ಮೇಲಿನ ಹುದ್ದೆಯಲ್ಲಿ, ನೆಲದ ಮೇಲೆ ಕುಳಿತು ಆಜ್ಞೆ ಮಾಡುವ ಗ್ರೂಪ್ ಕ್ಯಾಪ್ಟನ್. ಅಲ್ಲಿಂದ ತಾವಾಗಿ ಕೇಳಿ ಒಂದು ಮೆಟ್ಟಿಲು ಕೆಳಗಿಳಿದು, ಜರ್ಮನಿಯ ಅಣೆಕಟ್ಟುಗಳನ್ನು ಒಡೆದು ಹೆಸರಾಗಿದ್ದ 617ನೆಯ ಸ್ಕ್ವಾಡ್ರನ್ನಿನ ನಾಯಕರಾದರು. ಎತ್ತರದಿಂದ ಕುರುಡಾಗಿ ಸುರಿಯುವ ಬದಲು ಒಂದು ವಿಮಾನ ತೀರ ಕೆಳಗಿಳಿದು ಗುರಿಯ ಮೇಲೆ ಉರಿಯುವ ಗುರುತು ಹಾಕಬೇಕು, ಉಳಿದವರು ಅದರ ಮೇಲೆ ಹಾಕಬೇಕು ಎಂಬುದು ಅವರ ಹಟ. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದ ವಿಮಾನ ಎಂಜಿನ್ ಕಾರ್ಖಾನೆ ಗುರಿಯಾಗಿತ್ತು. ರಾತ್ರಿ ಪಾಳಿಯಲ್ಲಿ ಇದ್ದವರು ಫ್ರೆಂಚ್ ಹೆಂಗಸರು. ಚೆಶೈರ್ ದೈತ್ಯ ಲ್ಯಾಂಕಾಸ್ಟರ್ ವಿಮಾನವನ್ನು ಛಾವಣಿಗೆ ತಾಗುವಂತೆ ಇಳಿಸಿ, ಬಾಂಬ್ ಹಾಕದೆ, ಮತ್ತೆ ಮತ್ತೆ ಹಾಯಿಸಿದರು. ಓಡಿ ಎಂದು ಹೇಳಲು ಅವರಿಗಿದ್ದ ದಾರಿ ಅದೊಂದೇ. ಹೆಂಗಸರು ಹೊರಗೋಡಿದ್ದನ್ನು ನೋಡಿದ ಮೇಲೆ ಗುರುತು ಹಾಕಿದರು. ಕೆಳಗಿಳಿದು ಗುರುತು ಹಾಕುವ ಅದೇ ಜಾಣ್ಮೆ ಏಪ್ರಿಲಿನಲ್ಲಿ ಮ್ಯೂನಿಕ್ ನಗರದ ಮೇಲೂ ಬಳಕೆಯಾಯಿತು ಎಂಬುದನ್ನೂ ಬರೆಯಬೇಕು. ಎರಡನ್ನೂ ಮಾಡಿದ ಕೈ ಒಂದೇ. ನಾನು ತಕ್ಕಡಿ ಹಿಡಿಯಲು ಹೋಗುವುದಿಲ್ಲ.

ಅವರ ಯುದ್ಧದ ಕಥೆಗಳಲ್ಲಿ ನನಗೆ ತುಂಬ ಹಿಡಿಸುವುದು ಬಾಂಬ್ ಇಲ್ಲದ ಒಂದು ರಾತ್ರಿ. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ 1944ರ ಜೂನ್ 5–6ರ ರಾತ್ರಿ, 617ರ ವಿಮಾನಗಳು ಬೇರೆಡೆ ಕಡಲ ಮೇಲೆ ಲೆಕ್ಕ ಹಿಡಿದು ಸುತ್ತು ಹಾಕುತ್ತ, ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳನ್ನು ಗಂಟೆಗಟ್ಟಲೆ ಉದುರಿಸಿದವು. ಜರ್ಮನರ ರೇಡಾರಿಗೆ ಅದು ಮೆಲ್ಲಗೆ ದಡದತ್ತ ಬರುತ್ತಿರುವ ನೌಕಾಪಡೆಯಂತೆ ಕಾಣಬೇಕಿತ್ತು. ಒಂದು ಸುತ್ತು ಕೆಲವೇ ಕ್ಷಣ ತಪ್ಪಿದರೂ ಮೋಸ ಬಯಲು. ಅದೇ ತಿಂಗಳ ಕೊನೆಯಲ್ಲಿ ಅವರಿಗೆ ಅಮೆರಿಕನ್ನರ ಒಂದು ಮಸ್ಟಾಂಗ್ ವಿಮಾನ ಸಿಕ್ಕಿತು. ಒಬ್ಬರೇ ಕೂರುವ ವಿಮಾನ. ಹೇಳಿಕೊಡಲು ಪಕ್ಕದಲ್ಲಿ ಯಾರೂ ಕೂರುವಂತಿಲ್ಲ. ಅದನ್ನು ಅವರು ಮೊದಲ ಸಲ ಹಾರಿಸಿದ್ದೇ ಶತ್ರುವಿನ ನೆಲದ ಮೇಲೆ ಗುರುತು ಹಾಕಲು.

ಬ್ರಿಟನ್ನಿನ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಅನ್ನು ಸಾಮಾನ್ಯವಾಗಿ ಒಂದು ಸಾಹಸಕ್ಕೆ ಕೊಡುತ್ತಾರೆ. ಇವರಿಗೆ ಕೊಟ್ಟದ್ದು ನಾಲ್ಕು ವರ್ಷಗಳ ಹಾರಾಟಕ್ಕೆ. ಅರಮನೆಯಲ್ಲಿ ಅದನ್ನು ಪಡೆಯಲು ಅವರ ಜೊತೆಗೆ ನಿಂತಿದ್ದವರು ನಾರ್ಮನ್ ಜಾಕ್ಸನ್, ಹಾರುತ್ತಿದ್ದ ವಿಮಾನದ ರೆಕ್ಕೆಯ ಮೇಲೆ ತೆವಳಿ ಬೆಂಕಿ ಆರಿಸಲು ಹೋದ ಎಂಜಿನಿಯರ್. ಅವರು ನನಗಿಂತ ಹೆಚ್ಚು ಮಾಡಿದವರು, ಮೊದಲು ಅವರಿಗೆ ಕೊಡಿ ಎಂದು ಚೆಶೈರ್ ದೊರೆಯನ್ನೇ ಕೇಳಿಕೊಂಡರಂತೆ. ಶಿಷ್ಟಾಚಾರ ಒಪ್ಪಲಿಲ್ಲ.

ಈಗ ಮನೆಗಳ ವಿಷಯ. ಇಲ್ಲಿ ನಿಮ್ಮ ಕಲ್ಪನೆಯ ತ್ಯಾಗವೀರ ಕಾಣುವುದಿಲ್ಲ, ಸಾಲಗಾರ ಕಾಣುತ್ತಾರೆ. ಸೇನೆ ಬಿಟ್ಟ ಮೇಲೆ ಚೆಶೈರ್ ಮಾಜಿ ಯೋಧರು ಒಟ್ಟಿಗೆ ಬಾಳುವ, ದುಡಿಯುವ ಒಂದು ವಸಾಹತು ಕಟ್ಟಹೊರಟರು. ಹ್ಯಾಂಪ್‌ಶೈರಿನ ಲೆ ಕೋರ್ಟ್ ಎಂಬ ದೊಡ್ಡ ಹಳೆಯ ಬಂಗಲೆಯನ್ನು ತಮ್ಮ ಸೋದರತ್ತೆಯಿಂದ ಕೊಂಡರು. ಜಗಳ, ದುಂದು, ಸಾಲ. ಎರಡು ವರ್ಷ ತುಂಬುವ ಮೊದಲೇ ಎಲ್ಲ ಮುಗಿಯಿತು. ಮಂದಿ ಚದುರಿದರು, ಖಾಲಿ ಬಂಗಲೆ ಉಳಿಯಿತು.

1948ರಲ್ಲಿ ಆಸ್ಪತ್ರೆಯಿಂದ ಒಂದು ಸುದ್ದಿ ಬಂತು. ವಸಾಹತಿನಲ್ಲಿ ಹಿಂದೆ ಇದ್ದ ಆರ್ಥರ್ ಡೈಕ್ಸ್ ಎಂಬ ವಾಯುಪಡೆಯ ಮಾಜಿ ನೌಕರನಿಗೆ ಕ್ಯಾನ್ಸರ್. ಗುಣವಾಗುವುದಿಲ್ಲ, ಹಾಸಿಗೆ ಬೇರೆಯವರಿಗೆ ಬೇಕು, ಇವನಿಗೆ ಹೋಗಲು ಮನೆಯಿಲ್ಲ. ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದ್ದು ಅದೇ ವರ್ಷದ ಜುಲೈ 5ರಂದು. ವಾಸಿಯಾಗುವವರಿಗೆ ವ್ಯವಸ್ಥೆ ಬರುತ್ತಿತ್ತು, ವಾಸಿಯಾಗದವರು ಎಲ್ಲಿ ಇರಬೇಕೆಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಡೈಕ್ಸ್ ಕೇಳಿದ್ದು ಒಂದು ಕಾರವಾನ್ ನಿಲ್ಲಿಸಿಕೊಳ್ಳಲು ತುಸು ಜಾಗ. ತಾನು ಸಾಯುತ್ತಿದ್ದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚೆಶೈರ್ ಹೇಳಿದರು, ಬಂಗಲೆಗೆ ಕರೆತಂದರು. ಶುಶ್ರೂಷೆಯ ಗಂಧಗಾಳಿಯಿಲ್ಲದ ಮನುಷ್ಯ ಅಡುಗೆ ಮಾಡಿ, ಮೈ ಒರೆಸಿ, ಹಾಸಿಗೆ ಬದಲಿಸಿ ಆಗಸ್ಟಿನಲ್ಲಿ ಅವನು ಸಾಯುವವರೆಗೂ ನೋಡಿಕೊಂಡರು. ಅಷ್ಟರೊಳಗೆ ಇನ್ನೊಬ್ಬ ಮುದುಕಿಯನ್ನು ತಂದು ಬಿಟ್ಟಿದ್ದರು. ಸುದ್ದಿ ಹಬ್ಬಿ, ಬಾಗಿಲಿಗೆ ಜನ ಬರತೊಡಗಿದರು. ಯೋಜನೆ ಇರಲಿಲ್ಲ, ನಿಧಿ ಇರಲಿಲ್ಲ. ಅದೇ ಕ್ರಿಸ್‌ಮಸ್‌ನಲ್ಲಿ ಚೆಶೈರ್ ಕ್ಯಾಥೊಲಿಕ್ ಆದರು. ಧರ್ಮ ಕೆಲಸಕ್ಕೆ ಕಾರಣವಾಯಿತು ಎನ್ನುವುದಕ್ಕಿಂತ, ಕೆಲಸ ಅವರನ್ನು ಧರ್ಮದ ಬಾಗಿಲಿಗೆ ತಂದಿತು ಎಂದು ನಾನು ಓದಿಕೊಳ್ಳುತ್ತೇನೆ.

ಎರಡನೆಯ ಮನೆಯ ಕಥೆ ಇನ್ನೂ ಚೆನ್ನಾಗಿದೆ. ಕಾರ್ನ್‌ವಾಲಿನ ಪ್ರೆಡಾನಕ್ ವಿಮಾನನೆಲೆಯಲ್ಲಿ, ಅಣೆಕಟ್ಟು ಒಡೆಯುವ ಬಾಂಬಿನ ರೂವಾರಿ ಬಾರ್ನೆಸ್ ವಾಲಿಸ್ ಅವರ ಪ್ರಯೋಗಗಳಿಗೆ ನೆರವಾಗಲು ಚೆಶೈರ್ ಹೋಗಿದ್ದರು. ನೆಲೆಯ ಅಂಚಿನಲ್ಲಿ ವಾಯುಪಡೆ ಬಿಟ್ಟುಹೋದ ಪಾಳು ಕಟ್ಟಡಗಳು. ಬಿಡುವಿನ ಹೊತ್ತಿನಲ್ಲಿ ತಾವೇ ಗುಡಿಸಿ, ರಿಪೇರಿ ಮಾಡಿ, ಅಲ್ಲೊಂದು ಮನೆ ತೆರೆದರು. 1952ರಿಂದ ಎರಡು ವರ್ಷಕ್ಕೂ ಮೇಲೆ ಕ್ಷಯದಿಂದ ಸ್ವತಃ ಮಲಗಿದರು. ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆ ನಡೆದವು. ಕೆಲಸ ಮಾತ್ರ ನಿಲ್ಲಲಿಲ್ಲ. ಊರಿನವರ ಸಮಿತಿ, ಊರಿನವರ ಚಂದಾ, ಊರಿನವರ ಹೊಣೆ ಎಂಬ ಪದ್ಧತಿ ಅಷ್ಟರಲ್ಲಿ ನೆಲೆಯೂರಿತ್ತು. ದಾನಿ ಎಂದರೆ ಚೆಕ್ ಬರೆಯುವವರು ಎಂದುಕೊಂಡರೆ ಚೆಶೈರ್ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಅವರಲ್ಲಿ ಹಣವಿರಲಿಲ್ಲ. ಬೇರೆಯವರ ಕೈಯಲ್ಲಿ ಕೆಲಸ ಮಾಡಿಸುವ ಶಕ್ತಿ ಇತ್ತು.

ಪರದೇಶದಲ್ಲಿ ಮೊದಲು ಕಾಲಿಟ್ಟದ್ದು ನಮ್ಮಲ್ಲೇ, ಬೊಂಬಾಯಿಯ ಅಂಧೇರಿಯಲ್ಲಿ, ಐವತ್ತರ ದಶಕದ ನಡುವೆ. 1959ರ ಏಪ್ರಿಲ್ 5ರಂದು ಅದೇ ನಗರದ ಕ್ಯಾಥೊಲಿಕ್ ಕೆಥೆಡ್ರಲಿನಲ್ಲಿ ಸೂ ರೈಡರ್ ಅವರನ್ನು ಮದುವೆಯಾದರು. ಯುದ್ಧಕಾಲದ ಅವಸರದ ಮೊದಲ ಮದುವೆ ಎಂದೋ ಮುರಿದಿತ್ತು. ಸೂ ಅವರನ್ನು ‘ಚೆಶೈರರ ಪತ್ನಿ’ ಎಂದು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ: ನಾತ್ಸಿ ಶಿಬಿರಗಳಿಂದ ಉಳಿದು ಬಂದವರಿಗಾಗಿ ಅವರು ಆಗಲೇ ತಮ್ಮದೇ ಸಂಸ್ಥೆ ಕಟ್ಟಿದ್ದರು, ಬ್ರಿಟನ್ನಿನ ಮೇಲ್ಮನೆಗೆ ಗಂಡನಿಗಿಂತ ಹನ್ನೆರಡು ವರ್ಷ ಮೊದಲೇ, 1979ರಲ್ಲಿ, ಹೋದರು. ಮದುವೆಯ ವರ್ಷವೇ ಇಬ್ಬರೂ ಸೇರಿ ಡೆಹ್ರಾಡೂನಿನ ರಿಸ್ಪನಾ ನದಿಯ ದಂಡೆಯಲ್ಲಿ ಕುಷ್ಠ ರೋಗಿಗಳಿಗೂ ಬುದ್ಧಿಮಾಂದ್ಯ ಮಕ್ಕಳಿಗೂ ‘ರಾಫೆಲ್’ ಕೇಂದ್ರ ಆರಂಭಿಸಿದರು. ನೀವು ನೋಡುವ ಬೆಂಗಳೂರಿನ ಫಲಕ ಇದೇ ಬಳ್ಳಿಯದು. ಚೆಶೈರ್ 1992ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದು ಸುಮಾರು ಐವತ್ತು ದೇಶಗಳಿಗೆ ಹಬ್ಬಿತ್ತು.

ಕೊನೆಯ ವರ್ಷಗಳಲ್ಲೂ ಕನಸು ದೊಡ್ಡದೇ. 20ನೆಯ ಶತಮಾನದ ಯುದ್ಧಗಳಲ್ಲಿ ಸತ್ತ ಪ್ರತಿಯೊಬ್ಬರ ಹೆಸರಿನಲ್ಲಿ ಐದು ಪೌಂಡಿನಂತೆ ವಿಪತ್ತು ಪರಿಹಾರ ನಿಧಿ ಕೂಡಿಸುವುದು. ಅದಕ್ಕಾಗಿ 1990ರ ಜುಲೈಯಲ್ಲಿ ಸಂಗೀತಗಾರ ರೋಜರ್ ವಾಟರ್ಸ್ ಬರ್ಲಿನ್ ಗೋಡೆ ಉರುಳಿದ ಬಯಲಿನಲ್ಲಿ ಕಛೇರಿ ನಡೆಸಿದರು. 72 ವರ್ಷದ ಚೆಶೈರ್ ಯುದ್ಧಕಾಲದ ಪೀಪಿಯೊಂದನ್ನು ಊದಿ ಅದನ್ನು ಶುರು ಮಾಡಿಕೊಟ್ಟರು. ಜನ ಲಕ್ಷಗಟ್ಟಲೆ ಬಂದರು, ಹಣ ಮಾತ್ರ ಎಣಿಸಿದಷ್ಟು ಕೂಡಲಿಲ್ಲ. ಬಳಿಕ ನರಮಂಡಲದ ರೋಗ ತಗುಲಿ ಅವರೇ ಗಾಲಿಕುರ್ಚಿ ಹಿಡಿದರು.

ಇನ್ನು ನಿಮ್ಮ ಪತ್ರದ ಕಡೆಯ ಸಾಲುಗಳು. ಅವುಗಳಿಗಾಗಿಯೇ ಇಷ್ಟು ದೀರ್ಘವಾಗಿ ಉತ್ತರಿಸುತ್ತಿದ್ದೇನೆ. ನಿಮ್ಮ ತಮ್ಮನಿಗೆ ಸ್ನಾಯುಗಳ ಕಾಯಿಲೆ, ಗಾಲಿಕುರ್ಚಿ. ನೆಂಟರು “ಯಾವುದಾದರೂ ಹೋಮಿಗೆ ಸೇರಿಸಿ” ಎನ್ನುತ್ತಾರೆ. ಅವನು ಒಲ್ಲೆ ಎನ್ನುತ್ತಾನೆ. ಯಾರ ಮಾತು ಸರಿ ಎಂದು ಕೇಳಿದ್ದೀರಿ.

ಲೆ ಕೋರ್ಟಿನಲ್ಲೇ ಈ ಪ್ರಶ್ನೆ ಎದ್ದಿತ್ತು. ಪಾಲ್ ಹಂಟ್ ಎಂಬ ಯುವಕ, ಅವರಿಗೂ ಸ್ನಾಯುಕ್ಷಯವೇ, 1956ರಲ್ಲಿ ಅಲ್ಲಿಗೆ ಬಂದರು. ಎಷ್ಟು ಹೊತ್ತಿಗೆ ಮಲಗಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದನ್ನು ಸಿಬ್ಬಂದಿ ಏಕೆ ತೀರ್ಮಾನಿಸಬೇಕು, ಆಡಳಿತದಲ್ಲಿ ನಮ್ಮ ದನಿ ಏಕಿಲ್ಲ ಎಂದು ಅವರೂ ಸಂಗಾತಿಗಳೂ ವರ್ಷಗಟ್ಟಲೆ ಹೋರಾಡಿದರು. 1972ರ ಸೆಪ್ಟೆಂಬರಿನಲ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಹಂಟ್ ಬರೆದ ಒಂದು ಪುಟ್ಟ ಪತ್ರ ಸಂಘಟನೆಯಾಗಿ ಬೆಳೆಯಿತು. ನಮ್ಮನ್ನು ಅಂಗವಿಕಲರನ್ನಾಗಿ ಮಾಡುತ್ತಿರುವುದು ನಮ್ಮ ದೇಹವಲ್ಲ, ನಮ್ಮನ್ನು ಹೊರಗಿಟ್ಟು ಕಟ್ಟಿದ ಸಮಾಜ ಎಂಬ ವಾದವನ್ನು ಜಗತ್ತಿನ ಮುಂದೆ ಇಟ್ಟವರು ಅವರೇ. ಚೆಶೈರ್ ಕಟ್ಟಿದ ಮನೆಯೊಳಗಿಂದಲೇ ಅಂಥ ಮನೆಗಳನ್ನು ಪ್ರಶ್ನಿಸುವವರು ಬಂದರು. ನನ್ನ ಲೆಕ್ಕದಲ್ಲಿ ನಾಗಸಾಕಿಗಿಂತ ಗಟ್ಟಿಯಾದ ಆಕ್ಷೇಪ ಇದು. ಹೋಗಲು ಮನೆಯಿಲ್ಲದೆ ಸಾಯುತ್ತಿದ್ದವನಿಗೆ ಸೂರು ಕೊಟ್ಟದ್ದು ದೊಡ್ಡದು. ಇಪ್ಪತ್ತರ ಹುಡುಗನಿಗೆ ಅದೇ ಸೂರಿನಡಿ ಬಾಳೆಲ್ಲ ಕಳೆ ಎನ್ನುವುದು ಬೇರೆ ಮಾತು.

ನಮ್ಮ ಕಾನೂನೂ ಈಗ ನಿಮ್ಮ ತಮ್ಮನ ಪರವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮದ 5ನೆಯ ಕಲಂ, ಸಮುದಾಯದ ನಡುವೆ ಬದುಕುವುದು ಅವರ ಹಕ್ಕು ಎನ್ನುತ್ತದೆ. ಇಂಥ ಕಡೆಯೇ ಇರಬೇಕೆಂಬ ಕಟ್ಟುಪಾಡು ಅವರ ಮೇಲೆ ಬೀಳದಂತೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು ಎಂದೂ ಹೇಳುತ್ತದೆ. ಕಾನೂನು ಅವನನ್ನು ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸುವುದಿಲ್ಲ, ಗೊತ್ತು. ಆ ಕೆಲಸ ನಿಮ್ಮ ಮೇಲೆ, ನಿಮ್ಮ ತಾಯಿಯ ಮೇಲೆ ಬೀಳುತ್ತದೆ; ದಣಿದವರನ್ನು ದೂರುವ ಹಕ್ಕು ನನಗಿಲ್ಲ. ಹಗಲು ಹೊತ್ತಿನ ನೆರವು, ತರಬೇತಿ ಯಾವ ಸಂಸ್ಥೆಯಲ್ಲಿ ಸಿಗುತ್ತದೆಂದು ಮೊದಲು ವಿಚಾರಿಸಿ, ಆ ಫಲಕದ ಕಟ್ಟಡದಲ್ಲೂ ಒಮ್ಮೆ ಇಳಿದು ಕೇಳಿ. ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಪ್ರಶ್ನೆಗಳನ್ನು ಅವನೇ ಕೇಳಲಿ.

ಇನ್ನೊಂದು ಮಾತು. ಲೆ ಕೋರ್ಟಿನ ನಿವಾಸಿಗಳು ‘ಚೆಶೈರ್ ಸ್ಮೈಲ್’ ಎಂಬ ಪತ್ರಿಕೆಯನ್ನು ತಾವೇ ಸಂಪಾದಿಸಿ ಹೊರತರುತ್ತಿದ್ದರು. ಈ ವಿಷಯದಲ್ಲಿ ನೀವೂ ಬರೆದಾಯಿತು, ನಾನೂ ಬರೆದಾಯಿತು. ನಿಮ್ಮ ತಮ್ಮ ಒಪ್ಪಿದರೆ ಮುಂದಿನ ತಿಂಗಳ ಎರಡು ಪುಟ ಅವನಿಗೆ. ತಿಂಗಳ 15ರೊಳಗೆ ಕೈಸೇರಬೇಕು; ಕಾಗುಣಿತ ಬಿಟ್ಟು ಬೇರೇನನ್ನೂ ತಿದ್ದುವುದಿಲ್ಲ.

— ಸಂಪಾದಕ