ಇಸ್ಪೀಟು ಪ್ರಶ್ನೋತ್ತರ: ಒಂಬತ್ತಿದ್ದೂ ಸೋಲುವುದೇಕೆ?

ಪ್ರಶ್ನೆ: ಭಾನುವಾರ ಆರು ಜನ ಹುಣಸೆಬೀಜ ಪಣಕ್ಕಿಟ್ಟು ಲೋಬಾಲ್ ಪೋಕರ್ ಆಡುತ್ತೇವೆ. ಕಡಿಮೆ ಎಲೆಗೆ ಗೆಲುವು, ಎಕ್ಕಕ್ಕೆ ಒಂದು, ಎಲೆ ಬದಲಿಸುವುದು ಒಂದೇ ಸಲ. ಹಂಚಿದ ಕೂಡಲೇ 9-6-5-3-2 ಕೈಗೆ ಬಂದರೂ ಎರಡೆರಡು ಎಲೆ ಬದಲಿಸಿದವರು ನನ್ನನ್ನು ಹೊಡೆಯುತ್ತಾರೆ. ಯಾರೂ ಪ್ಯಾಕ್ ಮಾಡುವುದೇ (ಆಟ ಬಿಟ್ಟುಕೊಡುವುದೇ) ಇಲ್ಲ. ಇದು ನನ್ನ ಗ್ರಹಚಾರವೇ?
- ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಲೆಕ್ಕ ಹಾಕಿ ನೋಡೋಣ. ಎದುರಾಳಿಯ ಬಳಿ ಎಕ್ಕ-2-3 ಇದೆ, ಎರಡು ಎಲೆ ಬದಲಿಸುತ್ತಾನೆ ಎನ್ನಿ. ಉಳಿದ 44 ಎಲೆಗಳಲ್ಲಿ 946 ಜೋಡಿಗಳಾಗುತ್ತವೆ, ನಿಮ್ಮನ್ನು ಸೋಲಿಸುವಂಥವು 159. ನೂರಕ್ಕೆ ಹದಿನೇಳು. ಅವನ ಬಳಿ ಎಕ್ಕ-2-3-4 ಇದ್ದು ಒಂದೇ ಎಲೆ ಬದಲಿಸಿದರೆ 43ರಲ್ಲಿ 17, ಅಂದರೆ ನೂರಕ್ಕೆ ನಲವತ್ತರ ಹತ್ತಿರ. ನೀವು ಹೆದರಬೇಕಾದ್ದು ಇವನಿಗೆ.

ಎರಡು ಬದಲಿಸುವವರು ಮೂವರು ಕೂತರೆ ನಿಮ್ಮ ಗೆಲುವು ನೂರಕ್ಕೆ ಸುಮಾರು 57ಕ್ಕೆ ಇಳಿಯುತ್ತದೆ. ಸೋಲು ಕಣ್ಣಿಗೆ ಬೀಳುವುದು ಇಲ್ಲೇ. ಆದರೆ ತಲಾ ಹತ್ತು ಬೀಜ ಇಟ್ಟಿದ್ದರೆ ಒಬ್ಬನೆದುರು ನಿಮಗೆ ಸರಾಸರಿ ಆರೇಳು ಬೀಜ ಲಾಭ, ಮೂವರೆದುರು ಹದಿಮೂರರ ಆಸುಪಾಸು. ಸೋಲು ಹೆಚ್ಚು, ಗಳಿಕೆಯೂ ಹೆಚ್ಚು! ಅವರನ್ನು ಬೈದು ಎಬ್ಬಿಸಬೇಡಿ.

ಬದಲಾಯಿಸುವ ಮೊದಲೇ ರೈಸ್ ಮಾಡಿ (ಪಣ ಏರಿಸಿ), ಅಗ್ಗದಲ್ಲಿ ಎಲೆ ಕೊಡಬೇಡಿ. ಬದಲಾಯಿಸಿದ ಮೇಲೆ ಒಬ್ಬನೇ ಉಳಿದಿದ್ದರೆ ಒಂಬತ್ತಕ್ಕೂ, ಅಂದರೆ ಒಂಬತ್ತೇ ದೊಡ್ಡ ಎಲೆಯಾದ ಕೈಗೂ, ಪಣ ಕಟ್ಟಿ. ಹತ್ತು, ಗುಲಾಮ ಹಿಡಿದು ಕೂಡ ನೋಡುವವನು ಅವನು. ಮೂವರಿದ್ದರೆ ಚೆಕ್ ಎನ್ನಿ, ಅಂದರೆ ಪಣ ಕಟ್ಟದೆ ಮುಂದಿನವನಿಗೆ ಬಿಡಿ. ಎಂಟೋ ಏಳೋ ಇದ್ದರೆ ಹಿಂಜರಿಯಬೇಡಿ. ಬ್ಲಫ್ ಮಾತ್ರ ಬೇಡವೇ ಬೇಡ. ಪ್ಯಾಕ್ ಮಾಡದವನ ಮುಂದೆ ಬ್ಲಫ್ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಬೀಜ ನಿಮ್ಮದೇ ಹೋಗುತ್ತದೆ. ಸಾಧ್ಯವಾದರೆ ಕೊನೆಗೆ ಬದಲಿಸುವ ಜಾಗದಲ್ಲಿ ಇಂಥ ಒಂಬತ್ತು ಆಡಿ: ಯಾರು ಒಂದು ಎಲೆ ಬದಲಿಸಿದರು, ಯಾರು ಎರಡು ಎಂಬುದು ಮೊದಲೇ ಗೊತ್ತಿರುತ್ತದೆ.

ಪ್ರಶ್ನೆ: 8-7-3-2-ಎಕ್ಕ ದೊಡ್ಡದೋ, 8-6-5-4-3 ದೊಡ್ಡದೋ? ನಮ್ಮಲ್ಲಿ ಜಗಳವಾಯಿತು.
- ಓದುಗರು, ಮಂಡ್ಯ

ಉತ್ತರ: ಎರಡನೆಯದು ಗೆಲ್ಲುತ್ತದೆ. ದೊಡ್ಡ ಎಲೆಯಿಂದ ಕೆಳಕ್ಕೆ ಹೋಲಿಸಬೇಕು. ಎಂಟು ಸಮ, ಮುಂದೆ ಏಳಕ್ಕಿಂತ ಆರು ಒಳ್ಳೆಯದು. ಎಕ್ಕ ಕಂಡು ಮೋಸಹೋಗುವವರು ಬಹಳ. ಇನ್ನೊಂದು ಪದ್ಧತಿಯಲ್ಲಿ ಎಕ್ಕ ಅತಿ ದೊಡ್ಡದು, ಸ್ಟ್ರೈಟ್ (ಐದೂ ಎಲೆ ಸಾಲಾಗಿ ಬರುವುದು) ಮತ್ತು ಫ್ಲಶ್ (ಐದೂ ಒಂದೇ ಜಾತಿ) ನಷ್ಟ, ಅತ್ಯುತ್ತಮ ಕೈ 7-5-4-3-2. ನಿಮ್ಮ ಮಂಡ್ಯದ ಜಗಳದ 8-6-5-4-3 ಅಲ್ಲೂ ಗೆಲ್ಲುತ್ತದೆ, ಒಂದೇ ಜಾತಿಯ ಎಲೆಗಳಾಗಿರದಿದ್ದರೆ. ಯಾವ ಪದ್ಧತಿ ಎಂದು ಹಂಚುವ ಮೊದಲೇ ಹೇಳಿಕೊಳ್ಳಿ.

ಪ್ರಶ್ನೆ: ಆರು ಜನ ಆಡುವಾಗ ಎಲೆ ಸಾಲದೆ ಹೋದರೆ?
- ಓದುಗರು, ನಂಜನಗೂಡು

ಉತ್ತರ: ಹಂಚಿದ್ದು 30, ಕಟ್ಟಿನಲ್ಲಿ 22. ಎಲ್ಲರೂ ನಾಲ್ಕು ನಾಲ್ಕು ಬದಲಿಸಿದರೆ 24 ಬೇಕು. ಕಟ್ಟು ಮುಗಿದರೆ ಎಸೆದ ಎಲೆಗಳನ್ನು ಚೆನ್ನಾಗಿ ಕಲಸಿ ಹಂಚಿ, ಆದರೆ ಈಗ ಎಲೆ ಪಡೆಯುವವನು ತಾನು ಎಸೆದದ್ದನ್ನು ಅದರಲ್ಲಿ ಸೇರಿಸಬಾರದು.